ಹಸುವಿನ ಹಿಂಭಾಗ

ನಮ್ಮ ಬ್ರಿನ್ ಬೀದಿಯಲ್ಲಿ ಅಡ್ಡಹೆಸರು ಸುಮ್ಮನೆ ಸಿಗುವುದಿಲ್ಲ. ನಿಮ್ಮ ಹೆಸರಿನವರೇ ಇನ್ನೊಬ್ಬರು ಅಕ್ಕಪಕ್ಕದಲ್ಲಿ ಇರಬೇಕು. ವೇಲ್ಸಿಗೆ ಹೆಸರು ಹಂಚುವ ಹೊತ್ತಿಗೆ ದೇವರ ಚೀಲ ಹೆಚ್ಚುಕಡಿಮೆ ಬರಿದಾಗಿತ್ತು ಅಂತ ಕಾಣುತ್ತದೆ. ತಳದಲ್ಲಿ ಉಳಿದ ನಾಲ್ಕಾರನ್ನೇ ನಾವೆಲ್ಲ ಹಂಚಿಕೊಂಡಿದ್ದೇವೆ. ಹಾಗಾಗಿ ಶವಪೆಟ್ಟಿಗೆ ಮಾಡುವವನು ಪೆಟ್ಟಿಗೆ ರೀಸ್, ಬೇಕರಿ ಇಟ್ಟವನು ಬ್ರೆಡ್ ರೀಸ್. ಪರದೆ ಸರಿಸಿಕೊಂಡು ಬೀದಿ ಕಾಯುವವಳು ಕಿಟಕಿ ನೆಸ್ಟಾ, ಚಾಪೆಲ್ಲಿನಲ್ಲಿ ಹಾಡುವವಳು ಹಾಡಿನ ನೆಸ್ಟಾ. ನಾನು ಈ ಬೀದಿಗೆ ಕಾಗದ ಹಂಚುತ್ತಿದ್ದವನು, ಅಂಚೆ ಬೆವನ್. ನಿವೃತ್ತನಾದ ಮೇಲೂ ಹೆಸರು ಹೋಗಲಿಲ್ಲ. ಹೋದದ್ದು ಕಂಡವರ ಬಾಗಿಲು ತಟ್ಟುವ ಹಕ್ಕು ಮಾತ್ರ.

ನನ್ನ ಎದುರು ಮನೆಯ ಇಡ್ವಾಲ್ ಗೈದರ್‌ಗೆ ಅಡ್ಡಹೆಸರು ಇರಲಿಲ್ಲ. ಬೀದಿಯಲ್ಲಿ ಇನ್ನೊಬ್ಬ ಇಡ್ವಾಲ್ ಇರಲಿಲ್ಲ, ನಮ್ಮೂರು ಸ್ವಾನ್ಸೀಯನ್ನು ಇಡಿಯಾಗಿ ಜರಡಿ ಹಿಡಿದರೂ ಇನ್ನೊಬ್ಬ ಗೈದರ್ ಸಿಗುತ್ತಿರಲಿಲ್ಲವೇನೋ. ಬಹಳ ವರ್ಷ ಅವನನ್ನು 'ಎಲಿನೆಡ್ ಗಂಡ' ಅನ್ನುತ್ತಿದ್ದೆವು. ಎಲಿನೆಡ್ ಅಂಥ ಹೆಂಗಸು. ಅವಳು ನಕ್ಕರೆ ಗುಡ್ಡದ ಕೆಳಗೆ ಬಂದರಿನವರೆಗೂ ಕೇಳುತ್ತಿತ್ತು. ಅವಳು ತೀರಿಕೊಂಡ ಮೇಲೆ ಆ ಹೆಸರೂ ಸಲ್ಲದಾಯಿತು. ಏನಂತ ಕರೆಯಬೇಕೋ ತಿಳಿಯದೆ ಬೀದಿಯವರು ಅವನನ್ನು ಕರೆಯುವುದನ್ನೇ ಬಿಟ್ಟರು. ಎದುರು ಸಿಕ್ಕರೆ ತಲೆ ಅಲ್ಲಾಡಿಸಿ "ಮಳೆ ಬರುತ್ತೆ ಅನ್ಸುತ್ತೆ" ಅನ್ನುವುದು, ಮುಂದೆ ಹೋಗುವುದು. ಸ್ವಾನ್ಸೀಯಲ್ಲಿ ಆ ಮಾತು ಯಾವತ್ತೂ ಸುಳ್ಳಾಗುವುದಿಲ್ಲ. ಆದರೆ ಅದರಿಂದ ಯಾರ ಒಂಟಿತನವೂ ನೀಗುವುದಿಲ್ಲ.

ಇಡ್ವಾಲ್ ಜೀವಮಾನವೆಲ್ಲ ಕಸದ ಲಾರಿಯ ಹಿಂಬದಿಯಲ್ಲಿ ನೇತಾಡಿಕೊಂಡು ದುಡಿದವನು. ಮುಂದಿನ ಸೀಟಿಗೆ ಅವನನ್ನು ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಸ್ವಭಾವತಃ ಗೊಂದಲದ ಪ್ರಾಣಿ. ನಿವೃತ್ತನಾದ ಮೇಲೆ ಬೀದಿಯಲ್ಲಿ ಕಸದ ದಿನ ಮರೆಯುವವನು ಅವನೊಬ್ಬನೇ.

ಗುಡ್ಡದ ಬುಡದಲ್ಲಿ ಬೆಥಾನಿಯ ಅಂತ ಒಂದು ಚಾಪೆಲ್ ಇತ್ತು. ಪ್ರಾರ್ಥನೆಗೆ ಜನ ಕಡಿಮೆಯಾಗಿ ಅದು ಮುಚ್ಚಿತು, ಆಮೇಲೆ ಥಿಯೇಟರ್ ಆಯಿತು. ನಮ್ಮೂರಿಗೆ ಥಿಯೇಟರುಗಳ ಬರವೇನಿಲ್ಲ. ಪೇಟೆಯಲ್ಲಿ ದೊಡ್ಡದೊಂದಿದೆ, ಕಡಲ ದಂಡೆಯಲ್ಲಿ ಹಾಡು ಕುಣಿತಕ್ಕೆ ಒಂದಿದೆ, ಓದಿದವರು ಗಂಭೀರವಾಗಿ ಕೂರುವುದಕ್ಕೆ ವಿಶ್ವವಿದ್ಯಾಲಯದಲ್ಲಿ ಒಂದಿದೆ. ಬೆಥಾನಿಯ ಎಲ್ಲಕ್ಕಿಂತ ಚಿಕ್ಕದು. ಒಂದು ಗುಟುಕು ಬಿಯರ್ ಮುಟ್ಟಿದವರನ್ನು ಎಬ್ಬಿಸಿ ನಿಲ್ಲಿಸಿ ಹಿರಿಯರು ಬೈಯುತ್ತಿದ್ದ ಜಾಗದಲ್ಲೇ ಈಗ ಬಿಯರ್ ಮಾರುತ್ತಾರೆ. ಪಾದ್ರಿ ಹಾಪ್ಕಿನ್ ಅದರ ಮುಂದೆ ಹಾಯುವಾಗ ನೊಂದುಕೊಂಡು ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಆ ಕಡೆ ಇರುವುದು ಪಬ್ಬು.

ಕ್ರಿಸ್‌ಮಸ್ ಬಂತೆಂದರೆ ಬೆಥಾನಿಯದಲ್ಲಿ ಪ್ಯಾಂಟೊ ಆಡುತ್ತಾರೆ. ಗಡ್ಡದ ಗಂಡಸು ಸೀರಿಯಸ್ಸಾಗಿ ಹೆಂಗಸಿನ ವೇಷ ಹಾಕಿಕೊಂಡು ಬರುವ, ನೋಡಲು ಬಂದವರು ಗಂಟಲು ಹರಿಯುವಂತೆ ಕೂಗುವ ಹುಚ್ಚು ನಾಟಕ. ವೇದಿಕೆಯವರು 'ಇಲ್ಲ' ಅಂದರೆ ಸಭೆಯವರು 'ಹೌದು' ಅಂತ ಅರಚಲೇಬೇಕು, 'ಹೌದು' ಅಂದರೆ 'ಇಲ್ಲ' ಅನ್ನಲೇಬೇಕು. ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿಯುತ್ತವೆ. ಎಲಿನೆಡ್ ಪ್ರತಿ ವರ್ಷ ಹೋಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಇಡ್ವಾಲ್ ಮಾತ್ರ ಮೊಣಕಾಲು ನೋವು ಅಂತ ಹೇಳಿ ಮನೆಯಲ್ಲೇ ಕೂತಿರುತ್ತಿದ್ದ.

ಅವಳು ಹೋಗಿ ಕೆಲವು ವರ್ಷವಾದ ಮೇಲೆ, ಒಂದು ನವೆಂಬರಿನಲ್ಲಿ ಮಳೆಗೆ ಸಿಕ್ಕಿ ಅವನು ಬೆಥಾನಿಯದೊಳಗೆ ನುಗ್ಗಿದ. ಅಲ್ಲಿ ನಾಟಕ ಆಡಿಸುವ ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳಂತೆ. ಹಸುವಿನ ವೇಷಕ್ಕೆ ಇಬ್ಬರು ಬೇಕು. ಮುಂಗಾಲಿಗೆ ಜನ ಸಿಕ್ಕಿದ್ದರು, ಹಿಂಗಾಲಿಗೆ ಯಾರೂ ಒಪ್ಪಿರಲಿಲ್ಲ. "ನಿಮಗೆ ಬಗ್ಗೋಕೆ ಆಗುತ್ತಾ?" ಅಂತ ಕೇಳಿದಳು. "ಬಗ್ಗಿಯೇ ಬದುಕಿದವನು ನಾನು" ಅಂದ. "ಹಾಗಾದ್ರೆ ಪಾತ್ರ ನಿಮ್ಮದೇ" ಅಂದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಬೀದಿಗೆ ತಿಳಿದದ್ದೇ ಬೇರೆ.

ಅದು ತಿಳಿದದ್ದು ಬ್ರೆಡ್ ರೀಸನ ಅಂಗಡಿಯಲ್ಲಿ. ಸಾಲಿನಲ್ಲಿ ಕಿಟಕಿ ನೆಸ್ಟಾ, ಅವಳ ಹಿಂದೆ ಇಡ್ವಾಲ್, ಅವನ ಹಿಂದೆ ನಾನು.

"ಮಳೆ ಬರುತ್ತೆ ಅನ್ಸುತ್ತೆ" ಅಂದಳು ನೆಸ್ಟಾ, ರೂಢಿಯಂತೆ.

"ಬರಲಿ ಬಿಡಮ್ಮ" ಅಂದ ಇಡ್ವಾಲ್, ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ. "ಶುಕ್ರವಾರ ನಾನು ಥಿಯೇಟರ್‌ನಲ್ಲಿ ಇರ್ತೀನಿ."

ಥಿಯೇಟರ್ ಅಂದರೆ ನಮ್ಮಲ್ಲಿ ಎರಡು. ನಾಟಕದ್ದೊಂದು, ಆಸ್ಪತ್ರೆಯಲ್ಲಿ ಕೊಯ್ಯುವ ಕೋಣೆಯದೊಂದು. ಎಪ್ಪತ್ತರ ಹತ್ತಿರದ ಗಂಡಸು ಥಿಯೇಟರ್ ಅಂದರೆ ಬ್ರಿನ್ ಬೀದಿಯ ವ್ಯಾಕರಣದಲ್ಲಿ ಅದು ಎರಡನೆಯದೇ.

ನೆಸ್ಟಾಳ ಕೈಯಿಂದ ಬನ್ನು ಜಾರಿತು. "ಥಿಯೇಟರ್‌ಗಾ! ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು. ಮಳೆ ಅಂತ ಒಳಗೆ ಹೋಗಿದ್ದೆ. ನೋಡಿದ ತಕ್ಷಣ ಹೇಳಿಬಿಟ್ರು."

"ನೋಡಿದ ತಕ್ಷಣವೇ? ದೇವರೇ! ಯಾವ ಭಾಗ?"

ಇಡ್ವಾಲನ ಜಂಭ ಇಲ್ಲಿ ಸ್ವಲ್ಪ ಇಳಿಯಿತು. ಧ್ವನಿ ತಗ್ಗಿಸಿ "ಹಿಂಭಾಗ" ಅಂದ.

"ಮುಂದುಗಡೆ ಏನೂ ಇಲ್ಲ ತಾನೇ?"

"ಮುಂದಿಂದು ಬೇರೆಯವರು ನೋಡ್ಕೋತಾರೆ. ನಾನು ಬಗ್ಗಿಕೊಂಡಿದ್ರೆ ಆಯ್ತು."

"ಎಷ್ಟು ಹೊತ್ತಂತೆ?"

"ಎರಡು ಗಂಟೆ. ನಡುವೆ ಐಸ್‌ಕ್ರೀಮಿಗೆ ಬಿಡ್ತಾರೆ."

ಅವನು ಬ್ರೆಡ್ ಮರೆತು ಬರಿಗೈಯಲ್ಲಿ ಹೊರಟುಹೋದ. ನೆಸ್ಟಾ ನನ್ನ ತೋಳು ಹಿಡಿದಳು. "ಕೇಳಿದ್ಯಾ ಅಂಚೆ? ಎರಡು ಗಂಟೆ ಕೊಯ್ತಾರಂತೆ. ಅರ್ಧಕ್ಕೆ ನಿಲ್ಲಿಸಿ ಐಸ್‌ಕ್ರೀಮ್ ಇಡ್ತಾರಂತೆ. ಉರಿಗೆ ಇರಬೇಕು ಪಾಪ!"

ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಬೀದಿ ನಮ್ಮದು. ಆ ಸಂಜೆಯೊಳಗೆ ಇಡ್ವಾಲನ ಹಿಂಭಾಗ ಗುಡ್ಡದ ಮೇಲಿಂದ ಕೆಳಗಿನವರೆಗೆ ಚರ್ಚೆಗೆ ಒಳಗಾಗಿತ್ತು. ಮೂಲವ್ಯಾಧಿ ಅಂದರು ಕೆಲವರು. ಅದಕ್ಕಿಂತ ದೊಡ್ಡದು, ಬಾಯಿಬಿಟ್ಟು ಹೇಳಲಾರ, ಅಂದರು ತಿಳಿದವರು. ಎಲಿನೆಡ್ ಹೋದ ಮೇಲೆ ಮೊದಲ ಸಲ ಆ ಮನೆಯ ಬಾಗಿಲಿನ ಸದ್ದು ಕೇಳಿತು. ಸಿಕ್ಕಿದ್ದು ಒಂದು ಪಾತ್ರ. ಬಂದವು ಸಾಲು ಸಾಲು ಪಾತ್ರೆಗಳು. ನೆಸ್ಟಾ ಕುರಿಮಾಂಸದ ಕೌಲ್ ಸಾರು ತಂದಳು, ಹಾಡಿನ ನೆಸ್ಟಾ ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ಬ್ರೆಡ್ಡು ತಂದಳು, ಪೆಟ್ಟಿಗೆ ರೀಸ್ ಹಂದಿಮಾಂಸದ ಜೊತೆ ಹುರಿದ ಕಡಲಪಾಚಿ ತಂದ. ಇಡ್ವಾಲನಿಗೆ ಕಣ್ಣು ತುಂಬಿತು. ಹಸುವಿನ ಅರ್ಧಕ್ಕೇ ಇಷ್ಟು ಮರ್ಯಾದೆ ಮಾಡುವ ಜನ ಇದ್ದಾರೆ ಅಂತ ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಧೈರ್ಯವಾಗಿರು ಇಡ್ವಾಲ್ ಬಾಖ್" ಅಂದಳು ನೆಸ್ಟಾ, ಸಾರು ಬಡಿಸುತ್ತ. ಬಾಖ್ ಅಂತ ನಾವು ಕರೆಯುವುದು ಮುದ್ದಿನವರನ್ನು. "ನಮ್ಮ ಭಾವನಿಗೂ ಹಿಂಭಾಗವೇ ಆಗಿತ್ತು."

"ಹೌದಾ! ಅವರೂ ಮಾಡಿದ್ರಾ? ಜನ ನಕ್ಕರಾ?"

"ನಗೋದಾ? ಏನು ಮಾತೂಂತ ಆಡ್ತೀಯ! ನಾವೆಲ್ಲ ಸಾಲಾಗಿ ಕೂತು ಅತ್ವಿ."

"ಅಳಿಸಿಬಿಟ್ರಾ!" ಇಡ್ವಾಲ್ ಬೆರಗಾದ. "ಬರೀ ಹಿಂಭಾಗದಿಂದ!"

ಜನ ಏನೆಂದುಕೊಂಡಿದ್ದಾರೆ ಅಂತ ಇಡ್ವಾಲನಿಗೆ ತಿಳಿದದ್ದು ಪಾದ್ರಿ ಹಾಪ್ಕಿನ್ ಬಂದಾಗ. ಅವರು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಇಡ್ವಾಲನ ತಲೆಯ ಮೇಲೆ ಕೈಯಿಟ್ಟು ಶುರುಮಾಡಿದರು. "ಸ್ವಾಮೀ, ಶುಕ್ರವಾರ ನಿನ್ನ ಈ ಸೇವಕ ಎಚ್ಚರವಿಲ್ಲದೆ ಬೋರಲಾಗಿ ಮಲಗಿರುವಾಗ ಡಾಕ್ಟರ ಕೈ ನಡುಗದಿರಲಿ. ಕತ್ತರಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಲಿ."

ಇಡ್ವಾಲ್ ಕಣ್ಣು ತೆರೆದ. ಎದುರಿಗೆ ಪೆಟ್ಟಿಗೆ ರೀಸ್ ಒಂದು ಕಣ್ಣು ಮುಚ್ಚಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿದ್ದ.

"ಏನೋ ನೋಡ್ತಿದ್ದೀಯ?"

"ಏನಿಲ್ಲಪ್ಪ. ಭುಜ ಅಗಲ ಇದೆ ನಿಂದು. ಒಳ್ಳೇದೇ, ಒಳ್ಳೇದೇ."

ಪ್ರಾರ್ಥನೆ ಮುಗಿದ ಮೇಲಾದರೂ ಅವನು ಹೇಳಿಬಿಡಬೇಕಿತ್ತು. ಬಾಯಿ ತೆರೆದದ್ದನ್ನೂ ನಾನು ನೋಡಿದೆ. ಆದರೆ ಅಡುಗೆಮನೆಯಲ್ಲಿ ಇಬ್ಬರು ನೆಸ್ಟಾಗಳೂ ತಟ್ಟೆ ತೊಳೆಯುತ್ತ ಜಗಳವಾಡುತ್ತಿದ್ದರು, ಕೆಟಲ್ ಕೂಗುತ್ತಿತ್ತು, ಕುರ್ಚಿ ಸಾಲದೆ ಪಾದ್ರಿಗಳು ಮೆಟ್ಟಿಲ ಮೇಲೆ ಕೂತಿದ್ದರು. ಆ ಮನೆ ಮನೆಯಂತೆ ಇತ್ತು. ಇಡ್ವಾಲ್ ಸುತ್ತ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಬಿಸಿ ತುಪ್ಪ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅವನು ಬಾಯಲ್ಲೇ ಇಟ್ಟುಕೊಂಡ.

ಗುರುವಾರ ನಾನು ಒಬ್ಬನೇ ಹೋದೆ, ಬರಿಗೈಯಲ್ಲಿ. ನನ್ನ ಅಡುಗೆಯನ್ನು ರೋಗಿಗೆ ಕೊಟ್ಟರೆ ಕೊಲೆಯ ಆಪಾದನೆ ಬರುತ್ತದೆ. ಬಾಗಿಲು ಓರೆಯಾಗಿತ್ತು, ತಳ್ಳಿಕೊಂಡು ಒಳಗೆ ಹೋದರೆ ಬೆಂಕಿಯ ಮುಂದೆ ಹಗ್ಗದ ಮೇಲೆ ಹಸುವಿನ ಬಣ್ಣದ ದೊಡ್ಡದೊಂದು ಷರಾಯಿ ಒಣಗುತ್ತಿದೆ. ಕೆಳಗೆ ಗೊರಸು, ಹಿಂದೆ ಬಾಲ.

"ಇದೇನೋ?" ಅಂದೆ.

"ನನ್ನ ಹಿಂಭಾಗ" ಅಂದ ಇಡ್ವಾಲ್, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಎಲ್ಲ ಹೇಳಿದ.

ನಾನು ನಕ್ಕೆ. ಪಕ್ಕೆ ನೋಯುವಷ್ಟು ನಕ್ಕೆ. ಅವನು ನಗಲಿಲ್ಲ, ಬಾಲದ ಕೂದಲು ಬಾಚುತ್ತ ಕೂತಿದ್ದ.

"ಅಲ್ಲ ಕಣೋ, ಎಲಿನೆಡ್ ಅಷ್ಟು ಕರೆದಾಗ ಒಂದು ದಿನ ಹೋಗಲಿಲ್ಲ. ಈಗ ಈ ವಯಸ್ಸಿನಲ್ಲಿ ಹಸು ಆಗೋಕೆ ಹೊರಟಿದ್ದೀಯಲ್ಲ?"

"ಅದಕ್ಕೇ" ಅಂದ. "ಒಳಗೆ ಕತ್ತಲು ಕಣೋ ಅಂಚೆ. ಯಾರೂ ಕಾಣ್ಸಲ್ಲ, ಕೂಗೋದು ಮಾತ್ರ ಕೇಳುತ್ತೆ. ಮೊನ್ನೆ ಜನರನ್ನ ಕೂರಿಸಿ ತಾಲೀಮು ಮಾಡಿದ್ರು. ಎಲ್ಲರೂ ಕೂಗಿದಾಗ, ಅದರಲ್ಲಿ ಒಂದು ದನಿ ಅವಳದೇ ಇದ್ದ ಹಾಗಿತ್ತು. ಇರಲಿಲ್ಲ, ಗೊತ್ತು ನಂಗೆ. ಆದರೂ ಕತ್ತಲಲ್ಲಿ ಇದ್ರೆ ಇಲ್ಲ ಅಂತ ಹೇಳೋರು ಯಾರು?"

ನನ್ನ ನಗು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನಾಳೆ ಮಧ್ಯಾಹ್ನ ಮೊದಲನೇ ಆಟವಿದೆ, ಮುಗಿದ ಮೇಲೆ ತಾನೇ ಎಲ್ಲರಿಗೂ ಹೇಳುತ್ತೇನೆ, ಅಲ್ಲಿವರೆಗೆ ಬಾಯಿ ಬಿಡಬೇಡ ಅಂದ. ಆಗಲಿ ಅಂದೆ.

ಶುಕ್ರವಾರ ಬೀದಿಯವರೆಲ್ಲ ಬಸ್ ನಿಲ್ದಾಣಕ್ಕೆ ಬಂದು ಅವನನ್ನು ಬೀಳ್ಕೊಟ್ಟರು. ನೆಸ್ಟಾ ತನ್ನ ಗಂಡನ ಪೈಜಾಮ ಮಡಿಸಿ ಕೊಟ್ಟಳು, ಜೊತೆಗೆ ಕೂರಲು ಒಂದು ಮೆತ್ತನೆಯ ದಿಂಬು. ಇಡ್ವಾಲ್ ವಿಧಿಯಿಲ್ಲದೆ ಆಸ್ಪತ್ರೆಯ ಬಸ್ಸು ಹತ್ತಿದ, ಚೀಲದಿಂದ ಬಾಲದ ತುದಿ ಹೊರಗೆ ಇಣುಕುತ್ತಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು ಸಂದಿಗೊಂದಿಗಳಲ್ಲಿ ನುಸುಳಿಕೊಂಡು, ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬೆಥಾನಿಯ ಸೇರಿದ.

ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೆಸ್ಟಾ ಸುಮ್ಮನಿರುವ ಜಾತಿಯಲ್ಲ. ಮಧ್ಯಾಹ್ನ ದ್ರಾಕ್ಷಿ ಗೊಂಚಲು ಹಿಡಿದು, ಪಾದ್ರಿಗಳನ್ನೂ ಪೆಟ್ಟಿಗೆ ರೀಸನನ್ನೂ ನನ್ನನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೊರಟಳು. ಬರುವುದಿಲ್ಲ ಅಂದರೆ "ಎದುರು ಮನೆಯವನಾಗಿ ಇಷ್ಟೂ ಮಾಡಲ್ವಾ?" ಅಂತ ಬೀದಿಗೆಲ್ಲ ಕೇಳುವಂತೆ ಕೇಳಿದಳು.

ಆಸ್ಪತ್ರೆಯ ಕೌಂಟರಿನಲ್ಲಿದ್ದವಳು ಕಂಪ್ಯೂಟರಿನಿಂದ ಮುಖವೆತ್ತದೆ, "ಗೈದರ್? ಆ ಹೆಸರಿನವರು ಯಾರೂ ಇಲ್ಲಮ್ಮ" ಅಂದಳು.

"ಇಲ್ಲ ಅಂದ್ರೆ? ಬೆಳಿಗ್ಗೆ ಥಿಯೇಟರ್‌ಗೆ ಬಂದಿದ್ದಾನೆ!"

"ಥಿಯೇಟರ್‌ನಲ್ಲೂ ಇಲ್ಲ. ವಾರ್ಡಿನಲ್ಲೂ ಇಲ್ಲ."

"ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಪೆಟ್ಟಿಗೆ ರೀಸ್ ಮೆಲ್ಲನೆ ಟೋಪಿ ತೆಗೆದ. ಪಾದ್ರಿಗಳು ಕಣ್ಣು ಮುಚ್ಚಿ "ಕೊಟ್ಟವನೂ ಅವನೇ" ಅಂತ ಶುರುಮಾಡಿದರು. ನೆಸ್ಟಾ ದ್ರಾಕ್ಷಿಯನ್ನು ಎದೆಗೆ ಒತ್ತಿಕೊಂಡು ಕುರ್ಚಿಯ ಮೇಲೆ ಕುಸಿದಳು. "ಅಯ್ಯೋ ನನ್ನಪ್ಪಾ! ಪಕ್ಕದ ಮನೆಯಲ್ಲೇ ಇದ್ದ. ಇಷ್ಟು ವರ್ಷ ಒಂದು ದಿನ ಒಂದು ಕಪ್ ಟೀ ಕುಡಿ ಅಂತ ಕರೀಲಿಲ್ಲ ನಾನು!"

ಅವಳು ಅಳುತ್ತಿದ್ದದ್ದು ನಿಜವಾಗಿ. ಅದನ್ನು ನೋಡಿಕೊಂಡು ನಿಂತಿರುವುದಕ್ಕೆ ನನ್ನಿಂದ ಆಗಲಿಲ್ಲ. "ಸತ್ತಿಲ್ಲ ಕಣಮ್ಮ" ಅಂದೆ. "ಥಿಯೇಟರ್‌ನಲ್ಲೇ ಇದ್ದಾನೆ. ಇದು ಆ ಥಿಯೇಟರ್ ಅಲ್ಲ."

ನೆಸ್ಟಾ ಅಳು ನಿಲ್ಲಿಸಿದ ರೀತಿ ನೋಡಿ ಕೌಂಟರಿನವಳೂ ಮುಖವೆತ್ತಿದಳು.

ನಾವು ಬೆಥಾನಿಯದೊಳಗೆ ನುಗ್ಗುವಾಗ ಆಟ ಅರ್ಧಕ್ಕೆ ಬಂದಿತ್ತು. ಅದು ಥಿಯೇಟರ್ ಆದ ಮೇಲೆ ಪಾದ್ರಿಗಳು ಆ ಬಾಗಿಲು ದಾಟಿದ್ದು ಅದೇ ಮೊದಲು, ಬಿಯರಿನ ಕಡೆ ಮುಖ ಮಾಡಿ ದಾಟಿದರು. ವೇದಿಕೆಯ ಮೇಲೆ ಒಬ್ಬ ಕಳ್ಳ ಬಡ ವಿಧವೆಯ ಹಸುವನ್ನು ಹೊಡೆದುಕೊಂಡು ಹೋಗುತ್ತಿದ್ದ. ಮುಂಗಾಲು ಕುಣಿಯುತ್ತಿತ್ತು, ಹಿಂಗಾಲು ಏದುಸಿರು ಬಿಡುತ್ತ ಹಿಂಬಾಲಿಸುತ್ತಿತ್ತು. ನೆಸ್ಟಾ ನಡುದಾರಿಯಲ್ಲಿ ನಿಂತು ದ್ರಾಕ್ಷಿ ಎತ್ತಿಹಿಡಿದಳು.

"ಇಡ್ವಾಲ್ ಗೈದರ್! ನೀನು ಆಸ್ಪತ್ರೆಯಲ್ಲಿದ್ದೀಯ!"

ಹಸು ನಿಂತಿತು. ಅದರ ಹಿಂಭಾಗದಿಂದ ಗಾಬರಿಯ ದನಿಯೊಂದು ಬಂತು. "ಇಲ್ಲ, ನಾನಿಲ್ಲ!"

ಸಭೆಯ ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. "ಇದ್ದೀಯ! ಇದ್ದೀಯ!" ಅಂತ ಮಾಡು ಹಾರುವಂತೆ ಅರಚಿದವು.

"ನನ್ನ ಸಾರು ಕುಡಿದೆ ನೀನು!" ಅಂದಳು ನೆಸ್ಟಾ.

"ಇಲ್ಲಮ್ಮಾ!"

"ಕುಡಿದೆ! ಕುಡಿದೆ!" ಅಂದಿತು ಸಭೆ.

"ಬೇಕಂತ ಕುಡೀಲಿಲ್ಲ!"

"ಬೇಕಂತ ಕುಡಿದೆ! ಬೇಕಂತ ಕುಡಿದೆ!"

ಹಿಂಗಾಲು ಓಡಿಹೋಗಲು ನೋಡಿತು, ಮುಂಗಾಲಿಗೆ ವಿಷಯ ತಿಳಿದಿರಲಿಲ್ಲ. ಹಸು ನಡುವಿಗೆ ಪರ್ರನೆ ಹರಿಯಿತು. ಮುಂದಿನ ಅರ್ಧ ಪರದೆಯ ಹಿಂದಕ್ಕೆ ಹೋಯಿತು. ಹಿಂದಿನ ಅರ್ಧ ಅಲ್ಲೇ ಉಳಿಯಿತು. ಗೊರಸಿನ ಷರಾಯಿ ಹಾಕಿಕೊಂಡು, ಕೆಂಪು ಮುಖದಲ್ಲಿ ಬೆವರು ಸುರಿಸುತ್ತ, ಬಾಲವನ್ನು ಕೈಯಲ್ಲಿ ಹಿಡಿದುಕೊಂಡು ಇಡ್ವಾಲ್ ದೀಪದ ಬೆಳಕಿನಲ್ಲಿ ನಿಂತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನು ಎಲ್ಲರ ಮುಂದೆ ಇದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಯಾಕೋ?" ಅಂದಳು ನೆಸ್ಟಾ, ಈಗ ಕೂಗದೆ. "ಯಾಕೆ ನಿಜ ಹೇಳಲಿಲ್ಲ?"

"ಹೇಳಿದ್ರೆ" ಅಂದ ಇಡ್ವಾಲ್, "ನೀವ್ಯಾರೂ ಬರ್ತಿರಲಿಲ್ಲ."

ವೇದಿಕೆಯವನು 'ಇಲ್ಲ' ಅಂದಿದ್ದಾನೆ. ಇಡೀ ಸಭೆ ಒಂದೇ ದನಿಯಲ್ಲಿ ಸೂರು ಹಾರಿಸಿತು. "ಬರ್ತಿದ್ವಿ! ಬರ್ತಿದ್ವಿ!"

ಕೂಗದೆ ನಿಂತವರು ನಾವು ನಾಲ್ಕೇ ಜನ. ಪಾದ್ರಿಗಳು ಬೂಟು ನೋಡಿಕೊಂಡರು. ರೀಸ್ ಟೋಪಿಯನ್ನು ಸುತ್ತಿಸುತ್ತಿದ್ದ. ನೆಸ್ಟಾ ದ್ರಾಕ್ಷಿಯನ್ನು ವೇದಿಕೆಯ ಅಂಚಿನಲ್ಲಿ ಇಟ್ಟು ಹೊರಟುಹೋದಳು. ಅಲ್ಲಿದ್ದವರೆಲ್ಲ ಅದನ್ನೂ ನಾಟಕ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಆಮೇಲೆ ಬೀದಿ ಮೊದಲಿನಂತಾಯಿತು, ಅದಕ್ಕಿಂತ ಕೆಟ್ಟದಾಯಿತು ಅಂದರೂ ಸರಿ. ಮೊದಲು ಮಳೆಯ ಮಾತಾದರೂ ಇತ್ತು. ಈಗ ಅವನು ಎದುರು ಬಂದರೆ ಜನ ಮಳೆಯಿದ್ದರೂ ಮಳೆ ಅನ್ನುತ್ತಿರಲಿಲ್ಲ. ಸುಳ್ಳು ಹೇಳಿದ್ದನ್ನು ಬ್ರಿನ್ ಬೀದಿ ಕ್ಷಮಿಸುತ್ತದೆ, ನಿಜ ಹೇಳಿದ್ದನ್ನು ಕ್ಷಮಿಸುವುದು ಕಷ್ಟ. ಕ್ರಿಸ್‌ಮಸ್ ದಿನ ಅವನ ಚಿಮಣಿಯಿಂದ ಹೊಗೆ ಬಂದದ್ದು ನನಗೆ ಕಂಡಿತು, ಬಾಗಿಲು ತೆರೆದದ್ದು ಕಾಣಲಿಲ್ಲ. ನನ್ನದೂ ತೆರೆದಿರಲಿಲ್ಲ. ಹೋಗಬಹುದಿತ್ತು. ಆದರೆ ಕೈಯಲ್ಲಿ ಕಾಗದವಿಲ್ಲದೆ ಇನ್ನೊಬ್ಬರ ಬಾಗಿಲು ತಟ್ಟುವುದು ನನಗೆ ಇವತ್ತಿಗೂ ಬಾರದು.

ಪ್ಯಾಂಟೊ ಮುಗಿದು, ಹಸು ಪೆಟ್ಟಿಗೆ ಸೇರಿದ ಮೇಲೆ ಒಂದು ಬೆಳಿಗ್ಗೆ ಇಡ್ವಾಲ್ ಬೀದಿಗಿಳಿದ. ಎಲ್ಲರ ಪಾತ್ರೆಗಳನ್ನೂ ತಿಕ್ಕಿ ತೊಳೆದು, ಖಾಲಿ ಕೊಡಬಾರದು ಅಂತ ಒಂದೊಂದರಲ್ಲೂ ನಾಲ್ಕು ಸುಟ್ಟ ಬಿಸ್ಕತ್ತು ಹಾಕಿ, ಮನೆಮನೆಯ ಹೊಸ್ತಿಲ ಮೇಲೆ ಇಟ್ಟು ಬಂದ. ಯಾರ ಬಾಗಿಲನ್ನೂ ತಟ್ಟಲಿಲ್ಲ.

ಮಧ್ಯಾಹ್ನದೊಳಗೆ ಬೀದಿಯಲ್ಲಿ ಗದ್ದಲವೆದ್ದಿತು. ಒಂದು ಪಾತ್ರೆಯೂ ಸರಿಯಾದ ಮನೆಗೆ ಹೋಗಿರಲಿಲ್ಲ. ಕಿಟಕಿ ನೆಸ್ಟಾಳ ಸಾರಿನ ಪಾತ್ರೆ ಹಾಡಿನ ನೆಸ್ಟಾಳ ಮನೆಗೆ, ಹಾಡಿನ ನೆಸ್ಟಾಳ ತಟ್ಟೆ ಪೆಟ್ಟಿಗೆ ರೀಸನ ಮನೆಗೆ, ಅವನ ಬಾಣಲೆ ಪಾದ್ರಿಗಳ ಮನೆಗೆ. ನೆಸ್ಟಾ ಬಂದು ಇಡ್ವಾಲನ ಬಾಗಿಲು ಗುದ್ದಿದಳು.

"ಏಯ್ ಹಿಂಭಾಗ! ನನ್ನ ಪಾತ್ರೆ ಎಲ್ಲೋ?"

ಹಿಂಭಾಗ ಇಡ್ವಾಲ್! ಇನ್ನೊಬ್ಬ ಇಡ್ವಾಲ್ ಇಲ್ಲದೆಯೂ ಅಡ್ಡಹೆಸರು ಪಡೆದವನು ನಮ್ಮ ಬೀದಿಯ ಚರಿತ್ರೆಯಲ್ಲಿ ಅವನೊಬ್ಬನೇ. ಪಾತ್ರೆ ಹುಡುಕುವ ನೆಪದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದರು, ಬಂದವರು ಬೈದರು, ಬೈದು ಸುಸ್ತಾಗಿ ಕೂತರು, ಕೂತವರಿಗೆ ಟೀ ಕೊಟ್ಟ. ಇಷ್ಟು ಗೊಂದಲದ ಮನುಷ್ಯ ಭೂಮಿಯ ಮೇಲೆ ಇಲ್ಲ ಅಂದರು ಎಲ್ಲರೂ. ನಾನೂ ಅಂದೆ. ಆದರೆ ನಲವತ್ತು ವರ್ಷ ಇದೇ ಬೀದಿಯಲ್ಲಿ ಯಾವ ವಸ್ತು ಯಾವ ಬಾಗಿಲಿಗೆ ಅಂತ ವಿಂಗಡಿಸಿದ ಕೈ ನನ್ನದು. ಅಪ್ಪಿತಪ್ಪಿಯೂ ಒಂದು ಪಾತ್ರೆ ಸರಿಯಾದ ಮನೆಗೆ ಹೋಗದಂತೆ ಹಂಚಬೇಕಾದರೆ ಬಹಳ ಎಚ್ಚರ ಬೇಕು.

ಸಂಜೆ ನನ್ನ ಬಾಗಿಲು ಯಾರೋ ತಟ್ಟಿದರು. ಇಡ್ವಾಲ್ ನಿಂತಿದ್ದ, ಕೈಯಲ್ಲಿ ಒಂದು ನೀಲಿ ಅಂಚಿನ ಬಟ್ಟಲು. ಎಲಿನೆಡ್ ಅದರಲ್ಲಿ ಸಕ್ಕರೆ ಇಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

"ಇದೊಂದು ಉಳಿದಿದೆ ಅಂಚೆ. ಯಾರದೋ ಗೊತ್ತಾಗ್ತಿಲ್ಲ. ನಿಂದಾ?"

ನಾನು ಅವನಿಗೆ ಒಂದು ತುತ್ತೂ ಕೊಟ್ಟವನಲ್ಲ. ಅದು ಅವನಿಗೂ ಗೊತ್ತಿತ್ತು.

"ನಂದೇ ಕಣೋ" ಅಂದೆ. "ಇಷ್ಟು ದಿನ ಹುಡುಕ್ತಿದ್ದೆ. ಒಳಗೆ ಬಾ."